ವಾರಕ್ಕೆ ಏಳು ದಿನದ ಓಟದಿಂದ ನಾಲ್ಕು ದಿನಕ್ಕೆ ಬಂದ ಕತೆ

ನಾನು ಓಡೋಕೆ ಶುರು ಮಾಡಿದ್ದು ಇಷ್ಟಪಟ್ಟು ಅಲ್ಲ, ಹೆದರ್ಕೊಂಡು. ನಮ್ಮಪ್ಪಂಗೆ ಶುಗರ್ ಇತ್ತು, ಕೊನೆಕೊನೆಗೆ ಎಡಗಾಲಿನ ಎರಡು ಬೆರಳು ತೆಗೀಬೇಕಾಯ್ತು, ಡ್ರೆಸಿಂಗ್‌ಗೆ ಕರ್ಕೊಂಡು ಹೋಗ್ತಿದ್ದವನು ನಾನೇ. ನಂಗೆ 41 ಆದಾಗ ಹೆಲ್ತ್ ಚೆಕಪ್ಪಲ್ಲಿ ಎಚ್‌ಬಿಎ1ಸಿ, ಅಂದ್ರೆ ಹಿಂದಿನ ಎರಡು ಮೂರು ತಿಂಗ್ಳ ಸರಾಸರಿ ಶುಗರ್ ತೋರ್ಸೋ ರಕ್ತ ಪರೀಕ್ಷೆ, 6.1 ಬಂತು. 5.7ರಿಂದ 6.4ರೊಳಗಿದ್ರೆ ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಬಾಗಿಲಿಗೆ ಬಂದು ನಿಂತಿದೆ ಅಷ್ಟೆ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೀರಿ ಅಂತ ಡಾಕ್ಟ್ರು ಸಮಾಧಾನವಾಗೇ ಹೇಳಿದ್ರು. ನನ್ನ ಕಿವಿಗೆ ಬಿದ್ದಿದ್ದು ಬಾಗಿಲು ಅನ್ನೋದೊಂದೇ.

ಮಾರನೇ ದಿನದಿಂದ್ಲೇ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಓಟ. ಮೂರೇ ತಿಂಗ್ಳಲ್ಲಿ ವಾರಕ್ಕೆ 60 ಕಿಮೀ ಹತ್ರ ಬಂದ್ಬಿಟ್ಟೆ, ಏಳಕ್ಕೆ ಏಳೂ ದಿನ, ಒಂದಿನ ಬಿಟ್ರೆ ಶುಗರ್ ಏರ್ಬಿಡುತ್ತೆ ಅನ್ನೋ ಹಂಗೆ. ಫೋನಲ್ಲಿದ್ದ ಆಪ್ ಬೇರೆ ಸತತ ಎಷ್ಟು ದಿನ ಓಡಿದೀನಿ ಅಂತ ಎಣಿಸ್ತಾ ಇತ್ತು, ಅದು ಮುರೀಬಾರ್ದು ಅಂತ ಭಾಮೈದನ ಮದುವೆ ದಿನ ಹಾಸನದಲ್ಲಿ ಬೆಳಗಿನ ಜಾವ ನಾಲ್ಕಕ್ಕೆದ್ದು ಛತ್ರದ ಮುಂದಿನ ರೋಡಲ್ಲಿ ನಾಯಿಗಳ ಜೊತೆ ಓಡಿದೀನಿ. ಜ್ವರ ಬಂದಾಗ್ಲೂ ಎರಡು ಕಿಮೀ. ಅದರ ಮೇಲೆ ರಾತ್ರಿ ಅನ್ನ ಬಿಟ್ಟಿದ್ದೆ. ಅಂದ್ರೆ ಜಾಸ್ತಿ ಓಡೋದು, ಕಮ್ಮಿ ತಿನ್ನೋದು, ಐದು ಗಂಟೆ ನಿದ್ದೆ. ಗಣಿತದ ಮೇಷ್ಟ್ರು ನಾನು, ಇಷ್ಟು ಸರಳ ಲೆಕ್ಕ ತಪ್ಪಿದ್ದೆ.

ಇದಕ್ಕೆ ಆಧಾರ ಬೇರೆ ಹುಡುಕ್ಕೊಂಡಿದ್ದೆ. ನ್ಯೂಜಿಲೆಂಡ್‌ನ ಆರ್ಥರ್ ಲಿಡಿಯಾರ್ಡ್ ಅಂತ ಕೋಚ್, ಅವರ ಶಿಷ್ಯ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸಲ್ಲಿ 800 ಮೀಟರ್, 1964ರ ಟೋಕಿಯೋದಲ್ಲಿ 800 ಮತ್ತೆ 1500 ಎರಡೂ ಚಿನ್ನ. ಎರಡು ನಿಮಿಷದೊಳಗೆ ಮುಗಿಯೋ 800 ಮೀಟರ್ ಓಟಕ್ಕೂ ಸ್ನೆಲ್ ವಾರಕ್ಕೆ 160 ಕಿಮೀ ಓಡ್ತಿದ್ದ ಅಂತ ಓದಿ, ನಂದೇನ್ ಮಹಾ 60 ಅಂದ್ಕೊಂಡೆ. ಅದರಲ್ಲಿ ಬಹುಪಾಲು ಉಸಿರು ಕಟ್ಟದ ಹಂಗೆ ಓಡೋ ಓಟ, ಅಷ್ಟು ದೂರಕ್ಕೆ ಹೋಗೋಕೆ ವರ್ಷಗಟ್ಟಲೆ ಹಿಡಿದಿತ್ತು ಅನ್ನೋ ಭಾಗವನ್ನ ಮಾತ್ರ ನೀಟಾಗಿ ಹಾರಿಸ್ಬಿಟ್ಟಿದ್ದೆ.

94ನೇ ದಿನ. ಚಾಮುಂಡಿ ಬೆಟ್ಟದ ಮೆಟ್ಲು ಹತ್ತಿ, ಇಳೀವಾಗ ಧಡಧಡ ಅಂತ ಓಡ್ಕೊಂಡೇ ಇಳಿದೆ. ಬಲಗಾಲಲ್ಲಿ ಮೊಣಕಾಲಿಂದ ಒಂದು ಗೇಣು ಕೆಳಗೆ, ಎಲುಬಿನ ಒಳಮಗ್ಗುಲಲ್ಲಿ ಎರಡು ವಾರದಿಂದ ಮುಲುಗ್ತಾ ಇದ್ದ ನೋವು ಅವತ್ತು ಚುಚ್ಚೋಕೆ ಶುರುವಾಯ್ತು. ಫಿಸಿಯೋ ಕೇಳಿದ್ದು ಒಂದೇ, ನೋವೆಲ್ಲಿ ಅಂತ ಒಂದು ಬೆರಳಲ್ಲಿ ತೋರ್ಸಿ. ಸರಿಯಾಗಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮುಟ್ಟಿ ತೋರ್ಸಿದೆ, ಅವರ ಮುಖ ಬದಲಾಯ್ತು. ಎಲುಬಿನ ಉದ್ದಕ್ಕೂ ಹರಡ್ಕೊಂಡಿರೋ ನೋವಾದ್ರೆ ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್, ಅಂದ್ರೆ ಜಾಸ್ತಿ ಓಡಿ ಎಲುಬಿನ ಅಂಚಿಗೆ ಬರೋ ನೋವು, ಬೆರಳಿಟ್ಟು ತೋರ್ಸೋ ಹಂಗಿದ್ರೆ ಎಲುಬೇ ಸೋತಿರಬಹುದು. ಎಂಆರ್‌ಐನಲ್ಲಿ ಸ್ಟ್ರೆಸ್ ರಿಯಾಕ್ಷನ್ ಅಂತ ಬಂತು, ಬಿರುಕು ಬಿಡೋದಕ್ಕಿಂತ ಹಿಂದಿನ ಹಂತ. ಆರು ವಾರ ಓಟ ಬಂದ್.

ಫಿಸಿಯೋ ಹೇಳಿದ್ದ ಒಂದು ಮಾತು ನಂಗೆ ಇಡೀ ವಿಷಯ ತಿರುಗಿಸ್ತು. ಹೊಸ ಭಾರ ಬಿದ್ದಾಗ ಎಲುಬು ಮೊದ್ಲು ಹಳೇ ಭಾಗವನ್ನ ಕರಗಿಸುತ್ತೆ, ಆಮೇಲೆ ಹೊಸದು ಕಟ್ಟುತ್ತೆ, ಆ ಒಂದು ಸುತ್ತಿಗೆ ಮೂರ್ನಾಲ್ಕು ತಿಂಗ್ಳು ಬೇಕು. ಹಳೇ ಗೋಡೆ ಕೆಡವಿ ಹೊಸದು ಎಬ್ಬಿಸೋ ಮಧ್ಯೆ ಮನೆ ಹೆಂಗಿರುತ್ತೋ ಹಂಗೆ. ಉಸಿರು, ಹೃದಯ ಕೆಲವೇ ವಾರದಲ್ಲಿ ರೆಡಿ ಆಗ್ಬಿಡ್ತವೆ, ಇನ್ನೂ ಓಡು ಅಂತವೆ, ಎಲುಬು ಮಾತ್ರ ಹಿಂದೆ ಉಳಿದಿರುತ್ತೆ. ಹೊಟ್ಟೆಗೆ ಸರಿಯಾಗಿ ಹಾಕ್ದೆ ಇದ್ರೆ ಅದು ಇನ್ನೂ ನಿಧಾನ.

ಆ ಆರು ವಾರದಲ್ಲಿ ಈಜು, ಸೈಕಲ್ಲು, ಮತ್ತೆ ಮೀನಖಂಡಕ್ಕೆ ಹಿಮ್ಮಡಿ ಎತ್ತೋ ವ್ಯಾಯಾಮ. ಮೊದ್ಲು ಹೊಸ್ತಿಲ ಮೇಲೆ ನಿಂತು ಮಾಡ್ತಿದ್ದೆ, ಅಮ್ಮ ಸರಿಯಾಗಿ ಬೈದ್ರು, ಮಹಡಿ ಮೆಟ್ಲಿಗೆ ಶಿಫ್ಟ್ ಆದೆ. ರಾತ್ರಿ ಮುದ್ದೆ, ಸೊಪ್ಪಿನ ಸಾರು ವಾಪಸ್ ಬಂತು. ಆಪ್ ಡಿಲೀಟ್ ಮಾಡಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡೆ.

ಅದರಲ್ಲಿ ಮೂರೇ ಕಾಲಮ್ಮು. ಬೆಳಗ್ಗೆ ಹಾಸಿಗೆಯಿಂದ ಏಳೋ ಮೊದ್ಲಿನ ನಾಡಿ, ಇವತ್ತು ಏನು, ಮತ್ತೆ ಯಾಕೆ. ಮೂರನೇದೇ ಕಷ್ಟ. ‘ಬೆಟ್ಟ ಹತ್ತೋ ಶಕ್ತಿಗೆ’ ಅಂತ ಬರೀಬಹುದು, ‘ಸುಮ್ನೆ ಕೆರೆ ನೋಡೋಕೆ’ ಅಂತ್ಲೂ ಬರೀಬಹುದು, ಆದ್ರೆ ‘ನಿನ್ನೆ ಜಾಮೂನು ತಿಂದೆ’ ಅಂತ ಬಂದ್ರೆ ಅವತ್ತು ಓಟ ಇಲ್ಲ, ನಡಿಗೆ ಅಷ್ಟೆ. ನನ್ನ ನಾಡಿ ಸಾಮಾನ್ಯಕ್ಕೆ 58 ಇರುತ್ತೆ, ಎರಡು ದಿನ ಸತತ 65 ದಾಟಿದ್ರೆ ಏನೋ ಸರಿಯಿಲ್ಲ ಅಂತ ಲೆಕ್ಕ, ಒಂದ್ಸಲ ಹಂಗೆ ಬಂದು ಮೂರನೇ ದಿನಕ್ಕೆ ನೆಗಡಿ ಹಿಡೀತು.

ವಾಪಸ್ ಓಡೋಕೆ ಶುರು ಮಾಡಿದ್ದು ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಒಂದಿನ ಬಿಟ್ಟು ಒಂದಿನ. ಅರ್ಧ ಗಂಟೆ ನಿಲ್ಲದೆ ಓಡೋಕೆ ಎರಡು ತಿಂಗ್ಳು ಹಿಡೀತು. ಆಮೇಲೆ ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸೋದು. ಓಡೋದು ವಾರಕ್ಕೆ ನಾಲ್ಕೇ ದಿನ, ಅದರಲ್ಲಿ ಮೂರು ದಿನ ಆರಾಮಾಗಿ. ಈ ಆರಾಮು ಅನ್ನೋದೇ ನಂಗೆ ಬರ್ತಿರ್ಲಿಲ್ಲ ನೋಡಿ. 220ರಲ್ಲಿ ವಯಸ್ಸು ಕಳೆದು ಹಾರ್ಟ್ ರೇಟ್ ಲೆಕ್ಕ ಹಾಕೋ ಸೂತ್ರ ಇದೆ, ಅದು ಸರಾಸರಿ ಅಷ್ಟೆ, ಒಬ್ಬೊಬ್ರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುತ್ತೆ. ಅದನ್ನ ಬಿಟ್ಟು ನಾನು ಮಗ್ಗಿ ಹಿಡ್ಕೊಂಡೆ. ಓಡ್ತಾ ಓಡ್ತಾ ಹದಿಮೂರರ ಮಗ್ಗಿ ಜೋರಾಗಿ ಹೇಳೋದು. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು... ಹದಿಮೂರೇಳ್ಲೆ ತೊಂಬತ್ತೊಂದು ಬರೋ ಹೊತ್ತಿಗೆ ಮಧ್ಯದಲ್ಲಿ ಉಸಿರು ಎಳ್ಕೋಬೇಕಾಯ್ತು ಅಂದ್ರೆ ಜೋರಾಯ್ತು ಅಂತ ಅರ್ಥ. ಮೊದ್ಲು ಕಿಲೋಮೀಟರಿಗೆ ಐದೂಮುಕ್ಕಾಲು ನಿಮಿಷದಲ್ಲಿ ಏದುಸಿರು ಬಿಟ್ಕೊಂಡು ಓಡ್ತಿದ್ದವನು ಏಳೂಕಾಲಕ್ಕೆ ಇಳಿದೆ. ಕೆರೆ ಹತ್ರ ದಿನಾ ಸಿಗೋ ಹಿರಿಯರೊಬ್ರು ‘ಏನ್ ಮೇಷ್ಟ್ರೇ, ಗಾಡಿ ಪಂಕ್ಚರಾ’ ಅಂತ ನಗ್ತಿದ್ರು. ಆ ಸ್ಪೀಡಲ್ಲೇ ನಂಗೆ ಮೊದಲನೇ ಸಲ ಕೆರೆಲಿ ಹೆಜ್ಜಾರ್ಲೆ ರೆಕ್ಕೆ ಒಣಗಿಸ್ಕೊಂಡು ಕೂತಿರೋದು ಕಂಡಿದ್ದು, ಅಷ್ಟು ತಿಂಗ್ಳು ಅದರ ಪಕ್ಕದಲ್ಲೇ ಓಡಿದ್ದೆ ಮಾರಾಯ್ರೆ.

ನಾಲ್ಕನೇ ದಿನ ಕಷ್ಟದ ದಿನ, ಅವತ್ತು ನಿಜವಾಗ್ಲೂ ಕಷ್ಟ. ಒಂದು ವಾರ ಎರಡೆರಡು ನಿಮಿಷ ಜೋರಾಗಿ ಆರು ಸಲ, ಇನ್ನೊಂದು ವಾರ ಬೆಟ್ಟದ ಮೆಟ್ಲು ನಂದಿವರೆಗೆ ಮಾತ್ರ. ಇಳಿಯೋದು ನಡ್ಕೊಂಡು, ಒಂದೊಂದೇ ಮೆಟ್ಲು, ಯಾಕಂದ್ರೆ ಇಳಿಜಾರಲ್ಲೇ ಕಾಲಿಗೆ ಪೆಟ್ಟು ಜಾಸ್ತಿ ಬೀಳೋದು. ಮೊದ್ಲೆಲ್ಲ ಆರಾಮಿನ ದಿನಾನೂ ಜೋರು, ಜೋರಿನ ದಿನ ಸುಸ್ತು, ಹಿಂಗಾಗಿ ಎರಡೂ ಇಲ್ಲದ ಮಧ್ಯದಲ್ಲೇ ಒದ್ದಾಡ್ತಿದ್ದೆ.

ಬೆಂಗಳೂರಿನ ವರ್ಲ್ಡ್ 10ಕೆ ಅನ್ನೋ ಹತ್ತು ಕಿಮೀ ಓಟಕ್ಕೆ ಹೆಸರು ಕೊಟ್ಟಿದ್ದೆ, ಅದಕ್ಕೆ ಎರಡು ವಾರ ಇರೋವಾಗ ಕಾಲಿನ ದಣಿವಾರ್ಲಿ ಅಂತ ಓಟ ಅರ್ಧಕ್ಕೆ ಇಳಿಸ್ಬೇಕಿತ್ತು, ಆ ಎರಡು ವಾರ ಮಾತ್ರ ನರಕ, ಇಷ್ಟು ತಿಂಗ್ಳು ಕಟ್ಟಿದ್ದೆಲ್ಲ ಸೋರಿ ಹೋಗ್ತಿದೆ ಅಂತ ರಾತ್ರಿ ಎಚ್ಚರ ಆಗ್ತಿತ್ತು. ಏನೂ ಸೋರ್ಲಿಲ್ಲ. ವಾರಕ್ಕೆ 60 ಕಿಮೀ ಓಡ್ತಿದ್ದ ಕಾಲದಲ್ಲಿ ನನ್ನ ಬೆಸ್ಟ್ ಹತ್ತು ಕಿಮೀ 57 ನಿಮಿಷ ಚಿಲ್ಲರೆ, ಅವತ್ತು ವಾರಕ್ಕೆ 34 ಕಿಮೀ ಓಡ್ಕೊಂಡಿದ್ದವನು 54 ನಿಮಿಷ 48 ಸೆಕೆಂಡಲ್ಲಿ ಮುಗಿಸ್ದೆ. ಎಂಟನೇ ಕಿಮೀಲಿ ಮಗ್ಗಿ ಇರ್ಲಿ, ನನ್ನ ಹೆಸರೂ ಹೇಳೋಕೆ ಆಗ್ತಿರ್ಲಿಲ್ಲ, ಅದು ಬೇರೆ ಮಾತು. ಎಚ್‌ಬಿಎ1ಸಿ 5.8ಕ್ಕೆ ಇಳಿದಿದೆ, ಅಂದ್ರೆ ಇನ್ನೂ ಬಾಗಿಲಲ್ಲೇ ಇದೆ.

ಮುಂದಿನ ತಿಂಗ್ಳು ಮತ್ತೆ ಬ್ಲಡ್ ಟೆಸ್ಟು. ನಿನ್ನೆ ಸಂಜೆ, ಓಟ ಇಲ್ಲದ ದಿನ, ಒಂದು ಸುತ್ತು ಹೋಗ್ಬಂದ್ಬಿಡೋಣ ಅಂತ ಶೂ ಹಾಕ್ಕೊಂಡು ಲೇಸೂ ಕಟ್ಟಿದ್ದೆ. ‘ರೀ, ಇವತ್ತು ನಿಮ್ಮ ದಿನ ಅಲ್ವಲ್ಲ’ ಅಂದ್ಲು ನಮ್ಮನೆಯವಳು. ನೋಟ್‌ಬುಕ್ ತೆಗೆದು ಯಾಕೆ ಅನ್ನೋ ಕಾಲಮ್ಮಲ್ಲಿ ಬರೆಯೋಕೆ ಹೋದ್ರೆ ಪೆನ್ನಿಂದ ಬಂದಿದ್ದು ‘ಟೆಸ್ಟ್ ಇದೆ’. ಲೇಸು ಬಿಚ್ಚಿ, ಶೂ ವಾಪಸ್ ಸ್ಟ್ಯಾಂಡಿಗಿಟ್ಟು, ಸೆಕೆಂಡ್ ಪಿಯುಸಿ ಪ್ರಿಪರೇಟರಿ ಪೇಪರ್ ತಿದ್ದೋಕೆ ಕೂತೆ.