ಶರತ್ಕಾಲಕ್ಕೆ ಡೌನ್‌ಟೆಂಪೋ, ಹಿಪ್-ಹಾಪ್: ಯಾರಿಗೆ ಯಾವ ಆಲ್ಬಂ ಹೇಳಬೇಕು?

ಎಲೆ ಉದುರುವ ಕಾಲಕ್ಕೆ ಕೇಳಲು ಡೌನ್‌ಟೆಂಪೋ (ಮಂದಗತಿಯ ಎಲೆಕ್ಟ್ರಾನಿಕ್ ಸಂಗೀತ) ಇಲ್ಲವೇ ಹಿಪ್-ಹಾಪ್ ಏನಾದರೂ ಹೇಳಿ ಎಂದವರಿಗೆ ಇಪ್ಪತ್ತು ಆಲ್ಬಂಗಳ ಪಟ್ಟಿ ಕೊಟ್ಟರೆ ಒಂದನ್ನೂ ಪೂರ್ತಿ ಕೇಳುವುದಿಲ್ಲ. ಎರಡು ಸಾಕು, ಹೆಚ್ಚೆಂದರೆ ಮೂರು. ಅದಕ್ಕೂ ಮೊದಲು ವಿಚಾರಿಸಿಕೊಳ್ಳಿ: ಯಾವ ಹೊತ್ತಿನಲ್ಲಿ ಕೇಳುತ್ತಾರೆ, ಯಾವುದರಲ್ಲಿ ಕೇಳುತ್ತಾರೆ?

ಎರಡನೆಯ ಪ್ರಶ್ನೆಯೇ ಮುಖ್ಯ. ಮ್ಯಾಸಿವ್ ಅಟ್ಯಾಕ್‌ನ ‘ಮೆಜನೀನ್’ (1998) ತೆಗೆದುಕೊಳ್ಳಿ. ಮೊದಲ ಹಾಡು ‘ಏಂಜಲ್’ ನಿಂತಿರುವುದೇ ಆಳದ ಬೇಸ್ ಮೇಲೆ. ಫೋನಿನ ಸ್ಪೀಕರ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಹೊರಡುವುದೇ ಇಲ್ಲ ಎನ್ನಬಹುದು. ಉಳಿಯುವುದು ಡ್ರಮ್ಮಿನ ಟಿಕ್‌ಟಿಕ್ ಮಾತ್ರ. ‘ಇದರಲ್ಲೇನಿದೆ?’ ಎಂದರೆ ತಪ್ಪು ಅವರದಲ್ಲ. ಇದನ್ನು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದವರಿಗೆ ಹೇಳಿ. ಸಣ್ಣ ಸ್ಪೀಕರ್ ಇರುವವರಿಗೆ ನುಜಾಬೆಸ್‌ನ ‘ಮೋಡಲ್ ಸೋಲ್’ (2005) ಒಳ್ಳೆಯದು. ಪಿಯಾನೊದ ಎಳೆ ಮುಂದಿರುವುದರಿಂದ ಬೇಸ್ ಕಡಿಮೆಯಾದರೂ ಹಾಡು ಸೊರಗುವುದಿಲ್ಲ.

ಇನ್ನು ಹೊತ್ತು. ಬೆಳಕು ಇಳಿಯುವಾಗ ಬೋರ್ಡ್ಸ್ ಆಫ್ ಕೆನಡಾದ ‘ಮ್ಯೂಸಿಕ್ ಹ್ಯಾಸ್ ದ ರೈಟ್ ಟು ಚಿಲ್ಡ್ರನ್’ (1998). ಅದರ ಶ್ರುತಿ ಹಳೆಯ ಟೇಪಿನಂತೆ ತುಸು ಅಲುಗುವುದು ಬೇಕೆಂದೇ ಮಾಡಿದ್ದು. ರಾತ್ರಿಗೆ ಪೋರ್ಟಿಸ್‌ಹೆಡ್‌ನ ‘ಡಮ್ಮಿ’ (1994). ಅವರು ತಾವೇ ನುಡಿಸಿದ್ದನ್ನು ವಿನೈಲ್ ರೆಕಾರ್ಡಿಗೆ ಹಾಕಿಸಿ, ಅದರಿಂದ ಮತ್ತೆ ಸ್ಯಾಂಪಲ್ (ಮರುಬಳಕೆಯ ತುಣುಕು) ತೆಗೆದವರು. ಚರಚರ ಸದ್ದು ಕೇಳಿ ಫೈಲ್ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ, ಮೊದಲೇ ಹೇಳಿಬಿಡಿ. ಒಬ್ಬರೇ ನಡೆಯುವ ಹೊತ್ತಿಗೆ ಬರಿಯಲ್‌ನ ‘ಅನ್‌ಟ್ರೂ’ (2007). ಡೌನ್‌ಟೆಂಪೋ ಸಾಮಾನ್ಯವಾಗಿ ನಿಮಿಷಕ್ಕೆ 70ರಿಂದ 110 ಬೀಟ್ ಎನ್ನುತ್ತಾರೆ; ಇದರ ಹೆಚ್ಚಿನ ಹಾಡುಗಳು 120 ದಾಟುತ್ತವೆ, ಆದರೂ ಮಂದಗತಿಯದೆಂದೇ ಅನಿಸುತ್ತದೆ. ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ನೋಡಿ ಆಲ್ಬಂ ಆರಿಸುವವರು ಎಡವುವುದು ಇಲ್ಲೇ.

ಹಿಪ್-ಹಾಪ್ ಹೊಸದಾದವರಿಗೆ ನೇರವಾಗಿ ರ್‍ಯಾಪ್ ಕೊಡಬೇಡಿ. ಪದ ಹಿಡಿಯುವ ಗಡಿಬಿಡಿಯಲ್ಲಿ ಸಂಗೀತ ತಪ್ಪಿಹೋಗುತ್ತದೆ. ಡಿಜೆ ಶ್ಯಾಡೋನ ‘ಎಂಡ್‌ಟ್ರೊಡ್ಯೂಸಿಂಗ್’ನಿಂದ (1996) ಶುರುಮಾಡಿಸಿ. ಹಳೆಯ ರೆಕಾರ್ಡುಗಳ ತುಣುಕುಗಳನ್ನು ಅಕಾಯ್ ಎಂಪಿಸಿ60 ಎಂಬ ಸ್ಯಾಂಪಲರ್ ಯಂತ್ರದಲ್ಲಿ ಹೆಣೆದ ಆಲ್ಬಂ ಅದು, ರ್‍ಯಾಪ್ ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ‘ದ ಲೋ ಎಂಡ್ ಥಿಯರಿ’ (1991): ಜಾಝ್‌ನ ರಾನ್ ಕಾರ್ಟರ್ ಅದರ ಒಂದು ಹಾಡಿಗೆ ಡಬಲ್ ಬೇಸ್ ನುಡಿಸಿದ್ದಾರೆ, ಮಾತಿನ ಧಾಟಿಯೂ ನಿರಾಳ. ಚಳಿ ಬಲಿತ ಮೇಲೆ ಜಿಝಾನ ‘ಲಿಕ್ವಿಡ್ ಸ್ವೋರ್ಡ್ಸ್’. 1995ರ ನವೆಂಬರಿನಲ್ಲಿ ಬಂದದ್ದು, ಕೇಳಿದರೂ ಹಾಗೇ ಇದೆ. ಭಾಷೆ ಒರಟು, ಹಿಂಸೆಯೂ ಇದೆ. ಮಕ್ಕಳಿರುವ ಮನೆಯಲ್ಲಿ ಜೋರಾಗಿ ಹಾಕುವಂಥದ್ದಲ್ಲ. ‘ಮ್ಯಾಡ್‌ವಿಲನಿ’ (2004) ನಾಲ್ಕನೆಯದಾಗಿ ಬರಲಿ: 22 ಟ್ರ್ಯಾಕ್, ಹೆಚ್ಚಿನವು ಮೂರು ನಿಮಿಷಕ್ಕೂ ಕಡಿಮೆ, ಪಲ್ಲವಿ ಅಪರೂಪ. ಪಲ್ಲವಿಗೆ ಕಾದು ಕೂತವರು ಬೇಸರಪಡುತ್ತಾರೆ.

ಆ್ಯಪ್‌ನಲ್ಲಿ ಶಫಲ್ (ಹಾಡುಗಳ ಕ್ರಮ ಕಲಸುವುದು) ಆಫ್ ಮಾಡಿ, ಕ್ರಾಸ್‌ಫೇಡ್ (ಒಂದು ಹಾಡು ಇನ್ನೊಂದರಲ್ಲಿ ಕರಗುವುದು) ಸೊನ್ನೆಗೆ ಇಳಿಸಿ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದಿರುವುದು) ಆನ್ ಮಾಡಿ. ಜೆ ಡಿಲ್ಲಾನ ‘ಡೋನಟ್ಸ್’ನಲ್ಲಿ (2006) 31 ಟ್ರ್ಯಾಕ್‌ಗಳಿದ್ದು ಕೊನೆಯದು ಮತ್ತೆ ಮೊದಲನೆಯದಕ್ಕೇ ಕೂಡಿಕೊಳ್ಳುತ್ತದೆ, ಈ ಮೂರರಲ್ಲಿ ಒಂದು ತಪ್ಪಿದರೂ ಆ ಕಟ್ಟು ಸಡಿಲ. ವಾಲ್ಯೂಮ್ ಸಮ ಮಾಡುವ ಆಯ್ಕೆ ಇದ್ದರೆ ಟ್ರ್ಯಾಕ್ ಬದಲು ಆಲ್ಬಂ ಲೆಕ್ಕಕ್ಕೆ ಇಡಿ. ಇಲ್ಲದಿದ್ದರೆ ಮೆಲ್ಲಗಿರಬೇಕಾದ ತುಣುಕೂ ಪಕ್ಕದ ಹಾಡಿನಷ್ಟೇ ಜೋರಾಗುತ್ತದೆ.

ಕೇಳಿದವರು ‘ತೀರಾ ಮಂಕು’ ಎಂದರೆ ಬೊನೊಬೊನ ‘ಬ್ಲ್ಯಾಕ್ ಸ್ಯಾಂಡ್ಸ್’ (2010) ಕೊಡಿ. ‘ನಿದ್ದೆ ಬಂತು’ ಎಂದರೆ ಡ್ರಮ್ ಗಟ್ಟಿಯಿರುವ ‘ಎಂಡ್‌ಟ್ರೊಡ್ಯೂಸಿಂಗ್’ ಕಡೆ ತಿರುಗಿಸಿ. ‘ಮಾತು ಜಾಸ್ತಿ’ ಎಂದರೆ ‘ಡೋನಟ್ಸ್’.