ಐವತ್ತೈದು ದಾಟಿದವರ ಕೈಗೆ ಮಾಯಿಶ್ಚರ್ ಮೀಟರ್: ನನ್ನ ಅನುಭವ

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಕಾಫಿ ಒಣಗಿಸುವ ಕಣದಲ್ಲಿ ಇರುವವರೆಲ್ಲ ಐವತ್ತೈದು, ಅರವತ್ತು ದಾಟಿದವರು. ಹುಡುಗರು ಬೆಂಗಳೂರು ಸೇರಿದ್ದಾರೆ. ಇವರಿಗೇ ಕಾಳಿನ ತೇವ ಅಳೆಯುವ ಮೀಟರ್ ಕಲಿಸುತ್ತೇನೆ ಅಂದಾಗ "ಸುಮ್ನೆ ದುಡ್ಡು ದಂಡ ಮಾರಾಯ್ರೇ" ಅಂದವರೇ ಜಾಸ್ತಿ.

ಅದಕ್ಕೂ ಮುಂಚೆ ಕಳೆ ಹೊಡೆಯುವ ಯಂತ್ರ ಕೊಟ್ಟು ನೋಡಿದ್ದೆ. ವಾರದೊಳಗೆ ಸೊಂಟ ಹಿಡಿದು ಕೂತರು. ನಮ್ಮ ಇಳಿಜಾರಿನಲ್ಲಿ ಆ ಭಾರ, ಆ ಅದುರು ಆ ವಯಸ್ಸಿಗಲ್ಲ. ಯಂತ್ರ ಗೋಡೌನಿನಲ್ಲಿ ಬಿದ್ದಿದೆ. ಆಮೇಲೆ ಪೇಟೆಯಿಂದ ಒಬ್ಬರನ್ನು ಕರೆಸಿ ಮೀಟರ್ ಪಾಠ ಮಾಡಿಸಿದೆ. ಎರಡು ಸಾವಿರ, ಊಟ ಬೇರೆ. ಎಲ್ಲರೂ ತಲೆ ಆಡಿಸಿದರು, ಮರುದಿನ ಒಬ್ಬರೂ ಮುಟ್ಟಲಿಲ್ಲ. ವಿಚಾರಿಸಿದರೆ ಅರ್ಧ ಜನಕ್ಕೆ ಅಂಕಿಯೇ ಕಾಣುತ್ತಿರಲಿಲ್ಲ! ನೂರೈವತ್ತು ರೂಪಾಯಿಯ ಕನ್ನಡಕ ಐದಾರು ತಂದೆ.

ಇವರು ಕಾಳು ಕಚ್ಚಿಯೇ ಹದ ಹೇಳುವವರು. ಹಲ್ಲು ಹೋದವರು ಮುಷ್ಟಿಯಲ್ಲಿ ಕುಲುಕಿ ಸದ್ದು ಕೇಳುತ್ತಾರೆ. ಹಾಗಾಗಿ ಮೊದಲು ಅವರ ಅಂದಾಜು, ಆಮೇಲೆ ಮೀಟರ್ ಅಂತ ಮಾಡಿದೆ. ದಿನಾ ಸಂಜೆ ಕಣದಲ್ಲೇ, ಕೆಲಸದ ಹೊತ್ತಿನೊಳಗೆ, ಒಂದಿಪ್ಪತ್ತು ನಿಮಿಷ. ಸಂಬಳವಿಲ್ಲದ ಹೊತ್ತಿನಲ್ಲಿ ಇಟ್ಟರೆ ಯಾರು ನಿಲ್ಲುತ್ತಾರೆ? ಯಾರ ಅಂದಾಜು ಹತ್ತಿರ ಬಂತು ಅಂತ ಪಂದ್ಯವೇ ಶುರುವಾಯಿತು. ತಿಂಗಳೊಳಗೆ ನನ್ನನ್ನು ಕರೆಯುವುದು ನಿಲ್ಲಿಸಿದರು.

ಒಂದು ಸಂಜೆ ಮೀಟರ್ ಶೇಕಡಾ 10 ತೇವ ತೋರಿಸಿತು. ಪಾರ್ಚ್‌ಮೆಂಟಿಗೆ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿಗೆ, ಬೇಕಾದದ್ದೂ ಅಷ್ಟೇ. ಹಿರಿಯ ಹೆಂಗಸೊಬ್ಬರು ಕಚ್ಚಿ, "ಒಳಗೆ ಇನ್ನೂ ಮೆತ್ತಗಿದೆ ಸಾವ್ಕಾರ್ರೇ" ಅಂದರು. ರಾಶಿ ಮಾಡಿ ಮುಚ್ಚಿಟ್ಟು ಬೆಳಿಗ್ಗೆ ಅಳೆದರೆ ಹನ್ನೊಂದೂವರೆ! ಬಿಸಿಲಿನಿಂದ ಎತ್ತಿದ ಕೂಡಲೇ ಕಾಳಿನ ಹೊರಗಷ್ಟೇ ಒಣಗಿರುತ್ತದೆ, ಒಳಗಿನ ತೇವ ಹೊರಗೆ ಬರಲು ರಾತ್ರಿ ಬೇಕು. ಮೀಟರ್ ಮಾರಿದವನೂ ಇದನ್ನು ಹೇಳಿರಲಿಲ್ಲ. ಸ್ಯಾಂಪಲ್ ಕಣದ ಯಾವ ಜಾಗದಿಂದ ತೆಗೆಯುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬನ್ನಿ.

ಲೆಕ್ಕ ಪುಸ್ತಕದಲ್ಲಿ ಬರೆಸಲು ಹೋಗಿ ಸೋತೆ. ಈಗ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಾರೆ. ಅಂಕಿಯ ಜೊತೆ ಊರ ಸುದ್ದಿಯೂ ಬರುತ್ತದೆ, ಇರಲಿ.

ಮೀಟರಿಗೆ ಹದಿನೆಂಟು ಸಾವಿರ ಆಗಿರಬೇಕು. ಜಾಸ್ತಿ ಅನಿಸುತ್ತದೆ ಅಲ್ವಾ? ಮೊದಲೆಲ್ಲ ಹೆದರಿ, ಹತ್ತಕ್ಕೆ ನಿಲ್ಲಿಸದೆ, ತೇವ ಶೇಕಡಾ ಎಂಟೂವರೆಗೆ ಇಳಿಯುವವರೆಗೂ ಒಣಗಿಸುತ್ತಿದ್ದೆವು. 50 ಕೆಜಿಯ 100 ಮೂಟೆಯಲ್ಲಿ ಅದು ಸುಮಾರು 80 ಕೆಜಿ ತೂಕ ಗಾಳಿಗೆ ಹೋದ ಹಾಗೆ. ಈಗಿನ ದರ ಹಾಕಿ ನೀವೇ ನೋಡಿ. ಈ ಸಲ ಮೀಟರ್ ಹಿಡಿಯುವವರು ದಿನಕ್ಕೆ ಐವತ್ತು ಜಾಸ್ತಿ ಕೇಳಿದರು. ಈ 80 ಕೆಜಿ ಲೆಕ್ಕ ಅವರಿಗೂ ಗೊತ್ತಿತ್ತು. ಕೊಟ್ಟೆ.