ಬಲೆಯ ಕಣ್ಣಿನ ನಿಯಮ: ದಕ್ಕೆಯವರನ್ನು ಕೂರಿಸಿಕೊಂಡು ತೀರ್ಮಾನಿಸುವ ಬಗೆ

ಮರಿಮೀನು ಹಿಡಿಯಬಾರದು ಎಂದರೆ ಮಲ್ಪೆಯಲ್ಲಾಗಲಿ ಮಂಗಳೂರು ದಕ್ಕೆಯಲ್ಲಾಗಲಿ (ಮೀನು ಇಳಿಸುವ ಬಂದರುಕಟ್ಟೆ) ಬೇಡ ಎನ್ನುವವರು ಸಿಗುವುದಿಲ್ಲ. ಬೋಟಿನ ಹಿಂದೆ ಎಳೆಯುವ ಟ್ರಾಲ್ ಬಲೆಯ ತುದಿಯ ಚೀಲಕ್ಕೆ, ಮರಿಗಳು ನುಸುಳಿಹೋಗುವಂತೆ, 35 ಮಿ.ಮೀ. ಚೌಕ ಕಣ್ಣು (ರಂಧ್ರ) ಇರಬೇಕೆಂಬ ನಿಯಮವೂ ಇದೆ. ಅದು ಕಡಲಲ್ಲಿ ನಡೆಯಬೇಕಾದರೆ ಬೋಟ್ ನಡೆಸಿ ಬಲೆ ಬಿಡುವ ತಾಂಡೇಲ ಮಾತುಕತೆಯಲ್ಲಿ ಇರಲೇಬೇಕು.

ಟ್ರಾಲ್, ಪರ್ಸೀನ್ (ಮೀನಿನ ಹಿಂಡನ್ನು ಸುತ್ತುವರಿಯುವ ಬಲೆ), ನಾಡದೋಣಿ, ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಬಲೆ) ಸಂಘಗಳ ಅಧ್ಯಕ್ಷರಿಗೆ ಪತ್ರ ಕಳಿಸಿದರೆ ಸಾಲದು. ತಾಂಡೇಲರು, ಕಲಾಸಿಗಳು (ಬೋಟಿನ ಕೆಲಸಗಾರರು), ಹಸಿಮೀನು ಮಾರುವ ಮಹಿಳೆಯರು, ಮೀನು ಹರಾಜು ಹಾಕುವ ಏಲಂನವರು, ಬಲೆ ಕಟ್ಟುವವರು ಎಲ್ಲರೂ ಬೇಕು. ಫಿಶ್‌ಮೀಲ್ (ಮೀನುಪುಡಿ) ಕಾರ್ಖಾನೆಯವರನ್ನಂತೂ ಬಿಡಬೇಡಿ. ಮರಿಮೀನಿಗೆ ಗಿರಾಕಿ ಅವರೇ.

ಮೊದಲು ಹತ್ತು ಹನ್ನೆರಡು ಜನರ ಗುಂಪುಗಳನ್ನು ಬೇರೆಬೇರೆಯಾಗಿ ಕೂರಿಸಿ. ಬೋಟ್ ಮಾಲೀಕರ ಎದುರು ಕಲಾಸಿ ಬಾಯಿ ಬಿಡುವುದಿಲ್ಲ. ಮಾರುವ ಮಹಿಳೆಯರ ಸಭೆಯನ್ನು ಬೆಳಗಿನ ಏಲಂ ಹೊತ್ತಿಗೆ ಇಡಬೇಡಿ, ಮಾರಾಟ ಮುಗಿದ ಮೇಲೆ ದಕ್ಕೆಯ ಹತ್ತಿರವೇ ಇಡಿ. ಮಾತು ತುಳು, ಕೊಂಕಣಿ, ಕುಂದಗನ್ನಡದಲ್ಲಿ ನಡೆಯಲಿ. ಹೊರರಾಜ್ಯದ ಕಲಾಸಿಗಳಿದ್ದರೆ ಅವರ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ.

ಸಭೆಗೆ ನಕ್ಷೆ, ಗ್ರಾಫ್ ಬೇಡ, ಬಲೆಯನ್ನೇ ತನ್ನಿ. ಒಂದೇ ಅಳತೆಯ ವಜ್ರಾಕಾರದ ಕಣ್ಣಿನ ತುಂಡು ಒಂದು, ಚೌಕ ಕಣ್ಣಿನದು ಇನ್ನೊಂದು. ತಾಂಡೇಲರಿಬ್ಬರ ಕೈಗೆ ಕೊಟ್ಟು ಉದ್ದಕ್ಕೆ ಜಗ್ಗಲು ಹೇಳಿ. ಭಾರ ಬಿದ್ದೊಡನೆ ವಜ್ರದ ಕಣ್ಣು ಸೀಳಿನಂತೆ ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುತ್ತದೆ. ತುಂಬಿದ ಚೀಲದಲ್ಲಿ ಆಗುವುದೂ ಇದೇ. ಆಮೇಲೆ ಅಂದಿನ ಬಂಗುಡೆಯನ್ನು ಅಳತೆಪಟ್ಟಿಯ ಮೇಲೆ ಮೂತಿಯಿಂದ ಬಾಲದ ತುದಿಯವರೆಗೆ ಅಳೆಯಿಸಿ. ಕೇರಳದಲ್ಲಿ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ (ಮತ್ತಿ) 10 ಸೆಂ.ಮೀ. ಕನಿಷ್ಠ ಮಿತಿ ಇದೆ. ನಮ್ಮ ಬುಟ್ಟಿಯಲ್ಲಿ ಅದಕ್ಕಿಂತ ಚಿಕ್ಕವು ಎಷ್ಟಿವೆ ಎಂದು ಅವರೇ ಎಣಿಸಲಿ.

"ಚೌಕ ಕಣ್ಣು ಹಾಕಿದರೆ ಸಿಗಡಿಯೂ ಹೋಗುತ್ತದೆ" ಎಂಬ ಮಾತು ಬಂದೇ ಬರುತ್ತದೆ. ಅದು ನ್ಯಾಯವಾದ ಆತಂಕ. ಅದಕ್ಕೆ ಉತ್ತರ ಪ್ರಯೋಗವೇ: ನಾಲ್ಕೈದು ಬೋಟ್‌ಗಳ ಚೌಕ ಕಣ್ಣಿನ ಚೀಲದ ಹೊರಗೆ ಸಣ್ಣ ಕಣ್ಣಿನ ಹೊದಿಕೆ ಬಲೆ ಕಟ್ಟಿಸಿ, ತಪ್ಪಿಸಿಕೊಂಡದ್ದೆಲ್ಲ ಅದರಲ್ಲಿ ನಿಲ್ಲುತ್ತದೆ. ಹೊದಿಕೆ ಚೀಲಕ್ಕೆ ಅಂಟಿಕೊಂಡರೆ ಕಣ್ಣು ಮುಚ್ಚಿ ಲೆಕ್ಕ ತಪ್ಪುತ್ತದೆ, ಸಡಿಲವಾಗಿರಲಿ. ಪ್ರತಿ ಎಳೆತದಲ್ಲೂ ಎರಡನ್ನೂ ಬೇರೆಬೇರೆ ತೂಗಿ, ದಕ್ಕೆಯ ದರ ಹಾಕಿ ನಷ್ಟ ಎಷ್ಟೆಂದು ನೋಡಿ. ತೂಗುವಾಗ ಮಂಗಳೂರಿನ ಮೀನುಗಾರಿಕಾ ಕಾಲೇಜಿನವರನ್ನು ಕರೆಯಿರಿ.

"ನಾನು ಬಿಟ್ಟದ್ದನ್ನು ಪಕ್ಕದ ಬೋಟಿನವ ಹಿಡಿಯುತ್ತಾನೆ" ಎಂಬುದು ಇನ್ನೂ ಗಟ್ಟಿಯಾದ ತಕರಾರು. ಆದ್ದರಿಂದ ಚೌಕ ಕಣ್ಣು ಜಾರಿಗೆ ತರಲು ಎಲ್ಲ ಬಂದರಿಗೂ ಒಂದೇ ದಿನಾಂಕ ಗೊತ್ತುಮಾಡಿ. ಮೀನು ಇಳಿಸುವಲ್ಲೇ ತಪಾಸಣೆ ನಡೆಯಲಿ.

ನಡಾವಳಿಯನ್ನು ಕನ್ನಡದಲ್ಲಿ ಬರೆಯಿರಿ. ಒಪ್ಪದ ಗುಂಪಿನ ಆಕ್ಷೇಪವನ್ನೂ, ಅದನ್ನು ಕೈಬಿಟ್ಟ ಕಾರಣವನ್ನೂ ಸೇರಿಸಿ, ಸಹಿಗೆ ಮುಂಚೆ ತುಳುವಿನಲ್ಲಿ ಓದಿ ಹೇಳಿ.

ಇದಕ್ಕೆಲ್ಲ ಹೊತ್ತು ಮುಖ್ಯ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಾಲೀಕರಿಗೆ ಬಿಡುವು. ಆದರೆ ಕಲಾಸಿಗಳು ಊರಿಗೆ ಹೋಗಿರುತ್ತಾರೆ, ನಾಡದೋಣಿಯವರಿಗೆ ಅದೇ ಹಂಗಾಮು. ಗುಂಪು ಸಭೆಗಳನ್ನು ಮಾರ್ಚ್‌ನಲ್ಲೂ ಪ್ರಯೋಗವನ್ನು ಏಪ್ರಿಲ್‌ನಲ್ಲೂ ಮುಗಿಸಿ, ಜಂಟಿ ಸಭೆಯನ್ನು ಮೇ ಕೊನೆಯೊಳಗೆ ಕರೆಯಿರಿ. ಮಳೆಗಾಲದಲ್ಲಿ ಬಲೆ ರಿಪೇರಿ ನಡೆಯುತ್ತದೆ. ತೀರ್ಮಾನ ಆಗಸ್ಟ್‌ಗೆ ಹೋದರೆ ಹಳೆಯ ಕಣ್ಣಿನ ಚೀಲಕ್ಕೇ ಆಗಲೇ ದುಡ್ಡು ಸುರಿದಾಗಿರುತ್ತದೆ.